ಕೆಂಪು ಚುಕ್ಕೆಯ ಹರಳು

"ಅದನ್ನ ಕೆಳಗಿಡು ದೀಕರಿ, ಮಗಳೇ. ದೊಡ್ಡದಾಗಿದೆ ಅಂತ ಮರುಳಾಗಬೇಡ."

ಸವಾಯಿಲಾಲ್ ಝವೇರಿ ಹಾಗೆಂದಾಗ ಊರ್ವಿಯ ಕೈ ಅಲ್ಲೇ ನಿಂತಿತು. ಅವಳ ಚಿಮಟದ ತುದಿಯಲ್ಲಿದ್ದ ವಜ್ರ ಒಮ್ಮೆ ಮಿನುಗಿ ಸುಮ್ಮನಾಯಿತು. ಮೇಜಿನ ಮೇಲೆ ಹಾಸಿದ ಬಿಳಿ ಕಾಗದದಲ್ಲಿ ಇನ್ನೆರಡು ಹರಳುಗಳಿದ್ದವು.

"ಯಾಕೆ ಕಾಕಾ? ಮೂರರಲ್ಲಿ ಇದೇ ಜಾಸ್ತಿ ಹೊಳೀತಾ ಇದೆ."

"ಈ ದೀಪದ ಕೆಳಗೆ ಗಾಜಿನ ಚೂರೂ ಹೊಳೆಯುತ್ತೆ. ಇಲ್ಲಿ ಬೋರಲು ಹಾಕು." ಮುದುಕರು ಅಂದಿನ ಪತ್ರಿಕೆಯನ್ನು ಅವಳತ್ತ ಸರಿಸಿದರು. "ಚಪ್ಪಟೆ ಮುಖ ಕೆಳಗೆ, ಚೂಪು ಮೇಲೆ. ಈಗ ನೋಡು. ಏನಾದ್ರೂ ಓದೋಕಾಗುತ್ತಾ?"

ಊರ್ವಿ ಬಗ್ಗಿ ನೋಡಿದಳು. "'ಗಾಳಿಪಟ' ಅಂತ ಕಾಣ್ತಾ ಇದೆ."

"ಕಾಣಬಾರದು. ಒಳಗೆ ಹೋದ ಬೆಳಕು ತಿರುಗಿ ನಿನ್ನ ಕಣ್ಣಿಗೇ ಬರಬೇಕು. ಇದರಲ್ಲಿ ಬುಡದಿಂದ ಸೋರಿಹೋಗ್ತಾ ಇದೆ. ತೂಕ ಉಳಿಸೋ ಆಸೆಗೆ ಅಗಲ ಬಿಟ್ಟು ಬುಡ ತೆಳ್ಳಗೆ ಮಾಡಿಬಿಟ್ಟಿದ್ದಾನೆ. ಮದುವೆಯಾಗಿ ನಾಲ್ಕು ದಿನ ಸೋಪು, ಎಣ್ಣೆ ತಾಗಲಿ, ಸತ್ತ ಮೀನಿನ ಕಣ್ಣಿನ ಹಾಗೆ ನಿನ್ನನ್ನೇ ನೋಡ್ತಾ ಕೂತಿರುತ್ತೆ."

"ಛೀ, ಕಾಕಾ."

"ಎರಡನೇದೂ ಬೇಡ. ಬುಡ ಆಳ ಜಾಸ್ತಿ, ನಡು ಕಪ್ಪು ಹೊಡೆಯುತ್ತೆ. ಮೂರನೇದು ತಗೋ. ಚಿಕ್ಕದು, ಆದರೆ ಕೈ ಸ್ವಲ್ಪ ಅಲ್ಲಾಡಿಸಿ ನೋಡು."

ಊರ್ವಿ ಮೂರನೆಯದನ್ನು ಎತ್ತಿ ಬೆರಳಿನ ಸಂದಿಯಲ್ಲಿಟ್ಟು ಮೆಲ್ಲಗೆ ಆಡಿಸಿದಳು. ಬೆಳಕು ಒಡೆದು ಅವಳ ಗಲ್ಲಕ್ಕೆ, ಗೋಡೆಗೆ, ಸವಾಯಿಕಾಕಾ ಅವರ ಕನ್ನಡಕಕ್ಕೆ ಚಿಮ್ಮಿತು. ಅವಳು ತಿರುಗಿ ಹಂಸಾಳತ್ತ ನೋಡಿದಳು.

ಬಾಗಿಲ ಬಳಿಯ ಕುರ್ಚಿಯಲ್ಲಿ ಕೂತಿದ್ದ ಇನ್ಸ್‌ಪೆಕ್ಟರ್ ಹಂಸಾ ಗೋಹಿಲ್ ನಕ್ಕಳು. ನಗು ತುಟಿಯಲ್ಲಿತ್ತು, ಕಣ್ಣು ಮುದುಕರ ಕೈ ಮೇಲಿತ್ತು.

ಆ ಕೈ ಉಳಿದೆರಡು ಹರಳುಗಳನ್ನು ಆಗಲೇ ಮಡಚಿ ಬದಿಗಿಡುತ್ತಿತ್ತು.

ಉತ್ತರಾಯಣ ಕಳೆದ ಮೇಲೆ ಹಂಸಾಳ ತಮ್ಮ ಜಿಗರ್‌ಗೂ ಊರ್ವಿಗೂ ನಿಶ್ಚಿತಾರ್ಥ. ಉಂಗುರದ ಹರಳು ಆರಿಸಲೆಂದು ಮೂವರೂ ಸೂರತ್ತಿನ ವಜ್ರದ ಬಜಾರಾದ ಮಹೀಧರಪುರಕ್ಕೆ ಬಂದಿದ್ದರು. ಜಿಗರ್ ಮಾತ್ರ ಮೆಟ್ಟಿಲು ಹತ್ತಲಿಲ್ಲ. "ಹಾಕ್ಕೊಳ್ಳೋಳು ಅವಳು, ಪರೀಕ್ಷೆ ಮಾಡೋಳು ನೀನು. ನಡುವೆ ನನಗೇನು ಕೆಲಸ?" ಎಂದು ಸ್ಕೂಟರಿನ ಪಕ್ಕ ಕೆಳಗೇ ನಿಂತುಬಿಟ್ಟಿದ್ದ.

ಸವಾಯಿಕಾಕಾ ಹಂಸಾಳ ಅಪ್ಪನ ಗೆಳೆಯ. ಯಾರಾದರೂ ಒಂದು ಹರಳು ಕೇಳಿದರೆ ಹತ್ತಾರು ಪೊಟ್ಟಣ ಬಿಚ್ಚಿ ಹರಡಿ, "ಮನೆಗೆ ಹೋಗಿ ನಿದ್ದೆ ಮಾಡಿ, ನಾಳೆ ಬನ್ನಿ" ಎಂದು ಕಳಿಸುವ ಮನುಷ್ಯ. ಅವಸರ ಎಂಬುದು ಅವರ ಅಂಗಡಿಯೊಳಗೆ ಕಾಲಿಟ್ಟದ್ದನ್ನು ಹಂಸಾ ನೋಡಿರಲಿಲ್ಲ.

ಇವತ್ತು ಮೇಜಿನ ಮೇಲಿದ್ದದ್ದು ಮೂರೇ. ಎರಡು ಕೆಟ್ಟವು, ಒಂದು ಒಳ್ಳೆಯದು. ಇದು ಹರಳು ತೋರಿಸುವ ರೀತಿಯಲ್ಲ. ಒಂದೇ ಬಾಗಿಲು ತೆರೆದಿಟ್ಟು, ಬೇಕಾದ ಕಡೆ ಹೋಗಿ ಎನ್ನುವ ರೀತಿ.

ಕಿಟಕಿಯ ಪರದೆಯನ್ನೂ ಅವರು ಅರ್ಧ ಎಳೆದಿದ್ದರು. ವಜ್ರ ನೋಡುವವರು ಉತ್ತರದ ಬೆಳಕಿಗೆ ಅಡ್ಡ ಕಟ್ಟುವುದುಂಟೇ?

"ಇದೇ ಇರಲಿ ಮೋಟಾಬೆನ್," ಎಂದಳು ಊರ್ವಿ. ಗಂಡನಾಗುವವನ ಅಕ್ಕನನ್ನು ಅವಳು ಕರೆಯುತ್ತಿದ್ದದ್ದು ಹಾಗೆ.

"ಇರಲಿ. ನಾನೂ ಒಮ್ಮೆ ನೋಡ್ತೀನಿ. ಮಸೂರ ಕೊಡಿ ಕಾಕಾ."

ಸವಾಯಿಕಾಕಾ ತಕ್ಷಣ ಕೊಡಲಿಲ್ಲ. "ನನ್ನ ಮಾತಿನ ಮೇಲೆ ನಂಬಿಕೆ ಇಲ್ವಾ ಹಂಸಾ?"

"ನಂಬಿಕೆ ಇರೋದಕ್ಕೇ ಇಲ್ಲಿಗೆ ಬಂದಿದ್ದು."

ಅಪ್ಪನ ತೊಡೆಯ ಮೇಲೆ ಕೂತು ಮಸೂರ ಹಿಡಿಯುವುದನ್ನು ಕಲಿತವಳು ಅವಳು. ಹರಳನ್ನು ಚಿಮಟದಲ್ಲಿ ಹಿಡಿದು ಪರದೆಯ ಸಂದಿನ ಬೆಳಕಿಗೆ ಒಡ್ಡಿದಳು. ಮೊದಲು ಬುಡ ನೋಡಿದಳು. ಒಂದೊಂದು ಮುಖವೂ ಪಕ್ಕದ ಮುಖವನ್ನು ಸೂಜಿಮೊನೆಯಷ್ಟು ಜಾಗದಲ್ಲಿ ಸಂಧಿಸುತ್ತಿತ್ತು. ಎಲ್ಲೂ ತಪ್ಪಿಲ್ಲ. ಅಂಥ ಕೆಲಸ ನೋಡಿ ಅವಳಿಗೆ ಬಹಳ ದಿನವಾಗಿತ್ತು.

ಹರಳನ್ನು ನಿಧಾನವಾಗಿ ತಿರುಗಿಸುತ್ತ ಅಂಚಿಗೆ ಬಂದಳು. ಅಲ್ಲಿ ತಿರುಗಿಸುವುದನ್ನು ನಿಲ್ಲಿಸಿದಳು.

ಅಂಚಿನ ಸಮೀಪ, ಉಂಗುರದ ಕೊಕ್ಕೆ ಕೂರುವ ಜಾಗದಲ್ಲಿ, ಒಂದು ಚುಕ್ಕೆ ಇತ್ತು. ಕೆಂಪು ಚುಕ್ಕೆ. ವಜ್ರದ ಒಳಗೇ ಹುಟ್ಟಿದ ಬೇರೊಂದು ಕಲ್ಲಿನ ಕಣ. ನಡುವಿನಲ್ಲಿದ್ದಿದ್ದರೆ ಅದು ಎಲ್ಲ ಮುಖಗಳಲ್ಲೂ ಪ್ರತಿಫಲಿಸಿ ಹರಳಿಗೆ ಸಿಡುಬು ಎದ್ದಂತೆ ಕಾಣುತ್ತಿತ್ತು. ಯಾರೋ ಅದು ಅಂಚಿಗೆ ಬರುವಂತೆ ಕಲ್ಲನ್ನು ಕತ್ತರಿಸಿ, ಬೆಳಕಿನ ಕಣ್ಣಿಗೆ ಬೀಳದ ಹಾಗೆ ಮಲಗಿಸಿದ್ದರು.

'ದೊಡ್ಡ ಕಲ್ಲಂತೆ ಬೆನ್. ಎರಡು ಹೋಳು ಮಾಡಬೇಕಂತೆ. ಚಿಕ್ಕ ಹೋಳಿನಲ್ಲಿ ರಕ್ತದ ಹನಿ ಇದೆ, ಅದನ್ನ ಉಂಗುರದ ಕೊಕ್ಕೆ ಅಡಿ ಬಚ್ಚಿಡ್ತೀನಿ ಅಂದಿದ್ರು.'

ತನಿಖೆಯ ವೇಳೆ ಜೀವೀಬೆನ್ ಹೇಳಿದ ಮಾತು. ಅವಳ ಗಂಡ ನಾನಜಿ ಕಾಥ್ರೋಟಿಯಾ ಧನಸುಖ್ ಶೇಠರ ಕಾರ್ಖಾನೆಯ ಹಿರಿಯ ಸಾಣೆಗಾರ. ಶೇಠರ ದೊಡ್ಡ ಕಚ್ಚಾ ವಜ್ರವೊಂದು ಕಾಣೆಯಾಯಿತು, ಅದರ ಜೊತೆಗೆ ನಾನಜಿಯೂ ಕಾಣೆಯಾದ, ಕೊನೆಗೆ ತಾಪಿ ನದಿಯಲ್ಲಿ ಹೆಣ ತೇಲಿತು. ಕದ್ದು, ನಾಚಿ, ಹೊಳೆಗೆ ಹಾರಿದ ಎಂದು ಊರು ತೀರ್ಮಾನ ಕೊಟ್ಟಾಗಿತ್ತು. ಹಂಸಾ ಮಾತ್ರ ಆ ಕಡತ ಮುಚ್ಚಲು ಒಪ್ಪಿರಲಿಲ್ಲ.

ಅವಳು ಚುಕ್ಕೆಯ ಪಕ್ಕದ ಅಂಚನ್ನು ಇನ್ನಷ್ಟು ಹತ್ತಿರದಿಂದ ನೋಡಿದಳು. ಕೂದಲೆಳೆಯಷ್ಟು ಜಾಗವನ್ನು ಸಾಣೆಗೆ ಕೊಡದೆ, ಕಲ್ಲಿನ ಮೂಲ ಚರ್ಮವನ್ನು ಹಾಗೇ ಬಿಡಲಾಗಿತ್ತು. ಕಲ್ಲಿನ ಒಂದು ರವೆಯನ್ನೂ ದಂಡ ಮಾಡಿಲ್ಲ ಎನ್ನುವುದಕ್ಕೆ ನಾನಜಿ ಬಿಡುತ್ತಿದ್ದ ಗುರುತು ಅದು. ಸೂರತ್ತಿನ ಹಳೆಯ ಸಾಣೆಗಾರರೆಲ್ಲ ಅದನ್ನು ನಾನಜಿಯ ಸಹಿ ಎನ್ನುತ್ತಿದ್ದರು.

ಹರಳನ್ನು ಮಗುಚಿದಳು. ಮೇಲ್ಭಾಗ ನೋಡಿದಾಗ ಹುಬ್ಬು ಗಂಟಿಕ್ಕಿತು.

ಇಲ್ಲಿ ಕೆಲಸ ಬೇರೆ. ಬರಿಗಣ್ಣಿಗೆ ತಿಳಿಯುವಂಥದ್ದಲ್ಲ, ಆದರೆ ಮಸೂರದಡಿ ಗೆರೆಗಳು ತುದಿಯಲ್ಲಿ ಒಂದನ್ನೊಂದು ತಪ್ಪಿಸಿಕೊಂಡಿದ್ದವು. ಒಂದು ಮುಖದಲ್ಲಿ ಸಾಣೆಯ ಗೀರು ಹಾಗೇ ಉಳಿದಿತ್ತು.

ಕೆಳಗೊಂದು ಕೈ, ಮೇಲೊಂದು ಕೈ. ನಾನಜಿ ಅರ್ಧ ಮುಗಿಸಿದ್ದಾಗ ಯಾರೋ ಅವನನ್ನು ಮುಗಿಸಿ, ಉಳಿದರ್ಧವನ್ನು ಅವಸರದಲ್ಲಿ ತಾವೇ ಕೂತು ಉಜ್ಜಿದ್ದಾರೆ.

ಹಂಸಾ ಮಸೂರ ಇಳಿಸಿದಳು. ಸವಾಯಿಕಾಕಾ ಅವಳನ್ನೇ ನೋಡುತ್ತಿದ್ದರು.

"ಚೆನ್ನಾಗಿದೆ," ಎಂದಳು. ಊರ್ವಿಯ ಕಡೆ ತಿರುಗಿ, "ನಿನ್ನ ಕಣ್ಣು ಒಳ್ಳೇದಮ್ಮ. ಕೆಳಗೆ ಜಿಗರ್ ಒಬ್ನೇ ನಿಂತಿದ್ದಾನೆ. ಇಬ್ಬರೂ ಹೋಗಿ ಪೋಂಕ್ ಕಟ್ಟಿಸಿಕೊಂಡು ಬನ್ನಿ. ಸುಟ್ಟ ಎಳೆಜೋಳ ಈಗ ಬಿಟ್ರೆ ಚಳಿ ಹೋದ್ಮೇಲೆ ಸಿಗಲ್ಲ. ಲೆಕ್ಕಾಚಾರ ಎಲ್ಲಾ ನಾನು ಕಾಕಾ ನೋಡ್ಕೋತೀವಿ."

"ಚೌಕಾಸಿ ಮಾಡ್ತೀರಾ? ನಾನೂ ಇರ್ತೀನಿ, ನೋಡೋಕೆ ಮಜಾ ಇರುತ್ತೆ."

"ನೀನಿದ್ರೆ ಕಾಕಾಗೆ ಸಂಕೋಚ. ಹೋಗು."

ಊರ್ವಿ ನಗುತ್ತಾ ಇಳಿದುಹೋದಳು. ಅವಳ ಚಪ್ಪಲಿಯ ಸದ್ದು ಮೆಟ್ಟಿಲಲ್ಲಿ ಕರಗಿತು. ಆಮೇಲೆ ಹಂಸಾ ಎದ್ದು ಬಾಗಿಲ ಅಗುಳಿ ಹಾಕಿದಳು.

"ಎಲ್ಲಿಂದ ಬಂತು ಕಾಕಾ?"

"ಏನು?"

"ನಾನು ಬೇರೆಯವರ ಹತ್ರ ಮಾತಾಡೋ ಹಾಗೆ ನಿಮ್ಮ ಹತ್ರ ಮಾತಾಡೋ ಪರಿಸ್ಥಿತಿ ತರಬೇಡಿ."

"ಬಜಾರಿನಲ್ಲಿ ದಿನಕ್ಕೆ ಸಾವಿರ ಹರಳು ಕೈ ಬದಲಾಯಿಸುತ್ತೆ. ಎಲ್ಲಿಂದ ಬಂತು ಅಂದ್ರೆ ಏನು ಹೇಳಲಿ?"

"ಬುಡ ನಾನಜಿಭಾಯ್‌ದು. ಅಂಚಲ್ಲಿ ಅವರ ಗುರುತಿದೆ. ಒಳಗೆ ಕೆಂಪು ಚುಕ್ಕೆ ಇದೆ. ಇದನ್ನ ಹುಡುಕ್ತಾ ನಾನು ಧನಸುಖ್ ಶೇಠರ ಕಾರ್ಖಾನೆಯ ಕಸದ ಚೀಲಾನೂ ಬಿಟ್ಟಿಲ್ಲ. ನೀವು ನನ್ನ ಮನೆ ಹುಡುಗಿ ಬೆರಳಿಗೇ ಇದನ್ನ ಹಾಕಿಸೋಕೆ ಹೊರಟಿದ್ದೀರಿ."

ಸವಾಯಿಕಾಕಾ ಕನ್ನಡಕ ತೆಗೆದು ಧೋತರದ ತುದಿಯಿಂದ ಒರೆಸತೊಡಗಿದರು. ಒರೆಸಿದ್ದನ್ನೇ ಮತ್ತೆ ಒರೆಸಿದರು.

"ಹಂಸಾ, ನಿನ್ನಪ್ಪ ಹೋದಾಗ ನಿನ್ನ ತಲೆ ಮೇಲೆ ಕೈಯಿಟ್ಟವನು ನಾನು. ಆ ಸಲುಗೆ ಮೇಲೆ ಹೇಳ್ತೀನಿ. ಉಂಗುರ ಮಾಡಿಸು. ಮದುವೆ ಮಾಡು. ಬುಡ, ತಲೆ ಅಂತ ನೋಡಬೇಡ."

"ಯಾರಿಗೆ ಹೆದರ್ತಾ ಇದ್ದೀರಿ? ಧನಸುಖ್ ಶೇಠರಿಗಾ?"

"ಬೆಳಿಗ್ಗೆಯಿಂದ ಅವರ ಇಬ್ಬರು ಆಳುಗಳು ಕೆಳಗೆ ಸುತ್ತಾಡ್ತಾ ಇದ್ದಾರೆ. ಪರದೆ ಯಾಕೆ ಎಳೆದೆ ಅಂದ್ಕೊಂಡೆ? ಆದರೆ ನಾನು ಬಾಯಿ ಮುಚ್ಕೊಂಡಿರೋದು ಅವರಿಗೆ ಹೆದರಿ ಅಲ್ಲ."

"ಮತ್ತೆ?"

"ನಿನಗೆ."

ಹಂಸಾಳಿಗೆ ಒಮ್ಮೆಲೇ ಸಿಟ್ಟು ಬಂತು. "ಕಾಕಾ, ಒಬ್ಬ ಮನುಷ್ಯ ಸತ್ತಿದ್ದಾನೆ. ಅವನ ಹೆಂಡತಿಯನ್ನ ಕಳ್ಳನ ಹೆಂಡತಿ ಅಂತ ಓಣಿಯವರು ನೀರಿನ ನಲ್ಲಿ ಹತ್ರಾನೂ ಸೇರಿಸ್ತಾ ಇಲ್ಲ. ನೀವು ಹೇಳದೆ ಇದ್ರೆ ಈ ಪೊಟ್ಟಣದ ಸಮೇತ ನಿಮ್ಮನ್ನ ಠಾಣೆಗೆ ಕರಕೊಂಡು ಹೋಗ್ತೀನಿ. ಅಪ್ಪನ ಗೆಳೆಯರು ಅನ್ನೋದಕ್ಕೆ ಆಮೇಲೆ ಮನೇಲಿ ಕೂತು ಅಳ್ತೀನಿ."

"ಕರಕೊಂಡು ಹೋಗ್ತೀಯ, ಗೊತ್ತು." ಮುದುಕರು ಕನ್ನಡಕ ಹಾಕಿಕೊಂಡರು. "ಜಿಗರ್ ತಂದ."

ಕೆಳಗಿನ ಗಲ್ಲಿಯಲ್ಲಿ ದಲಾಲರ ಗದ್ದಲ ಎಂದಿನಂತೆ ಏಳುತ್ತಿತ್ತು.

"ಯಾವ ಜಿಗರ್?"

"ಎಷ್ಟು ಜನ ಜಿಗರ್ ನನಗೆ ಕಾಕಾ ಅಂತ ಕಾಲು ಮುಟ್ತಾರೆ? ಅವನೇ ತಂದ. ಅಕ್ಕ ಬಂದಾಗ ಇದನ್ನೇ ಆರಿಸೋ ಹಾಗೆ ಮಾಡಿ ಅಂದ. ಜೊತೆಗೆ ಎರಡು ಕೆಟ್ಟವು ಇಡಿ, ನಮ್ಮಕ್ಕ ಕೆಟ್ಟ ಹರಳು ಮುಟ್ಟಲ್ಲ ಅಂದ."

ಅವಳ ಕಣ್ಣ ಮುಂದೆ ಮಸೂರದಡಿ ಕಂಡ ಆ ಮೇಲ್ಭಾಗ ಬಂತು. ತಪ್ಪಿಹೋದ ತುದಿಗಳು, ಉಳಿದುಹೋದ ಗೀರು. ಜಿಗರ್ ಈಗ ಧನಸುಖ್ ಶೇಠರ ಕಾರ್ಖಾನೆಯಲ್ಲಿ ಕಂಪ್ಯೂಟರ್ ಮುಂದೆ ಕೂತು ಕಲ್ಲು ಹೇಗೆ ಕತ್ತರಿಸಬೇಕೆಂದು ಗೆರೆ ಹಾಕುತ್ತಾನೆ. ಆದರೆ ಮೀಸೆ ಮೂಡುವ ವಯಸ್ಸಿನಲ್ಲಿ ಸಾಣೆ ಕಲಿಯಲು ಕೂತಿದ್ದ. ಪೂರ್ತಿ ಕಲಿಯದೆ ಎದ್ದುಬಂದಿದ್ದ. ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಕಲಿಸಿದವನು ನಾನಜಿ.

"ಮೇಲಿನ ಅರ್ಧ," ಎಂದಳು. "ಮೇಲಿನ ಅರ್ಧ ಜಿಗರ್ ಮಾಡಿದ್ದಾ?"

ಸವಾಯಿಕಾಕಾ ಇಲ್ಲವೆಂದು ತಲೆಯಾಡಿಸಿದರು. "ಅವನೇ ಮಾಡಿದ್ದಾಗಿದ್ರೆ ನಾನು ನಿನ್ನೆ ರಾತ್ರಿ ಉಂಡು ಮಲಗ್ತಿದ್ದೆ. ಇನ್ನೊಂದು ಸಲ ನೋಡು. ಕೂತ್ಕೊಂಡು ನೋಡು."

ಅವರೇ ಎದ್ದು ಪರದೆಯನ್ನು ಪೂರ್ತಿ ಸರಿಸಿದರು. ಬೆಳಕು ಬಿತ್ತು. ಹಂಸಾ ಮಸೂರ ಎತ್ತಿದಳು.

"ಪ್ರತಿ ಮುಖ ಎಲ್ಲಿ ಶುರುವಾಗಿದೆ ನೋಡು," ಕಿವಿಯ ಹತ್ತಿರ ಮುದುಕರ ದನಿ. "ಸರಿಯಾದ ಜಾಗದಲ್ಲೇ ಇಟ್ಟಿದ್ದಾನೆ, ಒಂದೂ ತಪ್ಪಿಲ್ಲ. ಕೊನೆಗೆ ಬರೋ ಹೊತ್ತಿಗೆ ಜಾರಿದೆ. ಅರ್ಧಂಬರ್ಧ ಕಲಿತವನು ಶುರುವಲ್ಲೇ ತಪ್ಪುತ್ತಾನೆ. ಇದು ಗೊತ್ತಿಲ್ಲದವನ ಕೈ ಅಲ್ಲ. ಗೊತ್ತಿದ್ದೂ ಕೈ ಮಾತು ಕೇಳದವನದು."

ಹೌದು. ಈಗ ಅವಳಿಗೂ ಕಂಡಿತು. ಕೆಳಗಿನದೂ ಮೇಲಿನದೂ ಒಂದೇ ಕೈ. ಬುಡ ಮುಗಿದ ಮೇಲೆ, ತಲೆ ಶುರುವಾಗುವ ಮೊದಲು, ಆ ಕೈಗೆ ಏನೋ ಆಗಿತ್ತು.

"ಹಾಗಾದ್ರೆ ನಾನಜಿಭಾಯ್ ಸಾಯೋ ಮೊದಲೇ ಇದನ್ನ ಪೂರ್ತಿ ಮುಗಿಸಿದ್ರು."

"ಚಿತೆ ಯಾವತ್ತು ಉರೀತು ಹಂಸಾ?"

"ಶನಿವಾರ. ನಾನೇ ಸ್ಮಶಾನದ ಘಾಟಿನಲ್ಲಿ ನಿಂತಿದ್ದೆನಲ್ಲ. ನೀವೂ ಇದ್ರಿ."

"ಇದ್ದೆ. ಸೋಮವಾರ ಬೆಳಿಗ್ಗೆ ಜಿಗರ್ ಇಲ್ಲಿಗೆ ಬಂದ. ಜೇಬಿಂದ ಒಂದು ಪೊಟ್ಟಣ ತೆಗೆದು, ಉಂಗುರಕ್ಕೆ ಇದು ಆಗುತ್ತಾ ಕಾಕಾ ಅಂತ ಕೇಳಿದ." ಸವಾಯಿಕಾಕಾ ಹರಳಿನತ್ತ ಬೆರಳು ತೋರಿಸಿದರು, ಮುಟ್ಟಲಿಲ್ಲ. "ಇದೇ ಕಲ್ಲು. ಇದೇ ಕೆಂಪು ಚುಕ್ಕೆ. ಆದರೆ ಆವತ್ತು ಕಚ್ಚಾ. ಸಾಣೆ ಮುಖ ಕಂಡೇ ಇರಲಿಲ್ಲ. ಹೊರಗಿನ ಚರ್ಮ ಉಪ್ಪಿನ ಹರಳಿನ ಹಾಗೆ ಮಸುಕಾಗಿತ್ತು."

ಹಂಸಾ ಮಸೂರವನ್ನು ಕಣ್ಣಿನಿಂದ ತೆಗೆಯಲಿಲ್ಲ. ತೆಗೆಯುವುದು ಮರೆತಿತ್ತು.

"ನಾನು ನಕ್ಕುಬಿಟ್ಟೆ," ಮುದುಕರು ಮುಂದುವರಿಸಿದರು. "ಈ ಚುಕ್ಕೆ ಸರಿಸೋ ಕೈ ಸೂರತ್‌ನಲ್ಲಿ ಒಂದೇ ಇತ್ತು, ಅದು ಮೊನ್ನೆ ಬೂದಿಯಾಯ್ತು ಅಂದೆ. ಜಿಗರ್ ಕಲ್ಲನ್ನ ಕಾಗದದಲ್ಲಿ ಮಡಚಿ ಜೇಬಿಗೆ ಹಾಕ್ಕೊಂಡು ಹೋದ. ನಿನ್ನೆ ತಿರುಗಿ ತಂದ. ಹೀಗೆ."

"ನೀವು ತಪ್ಪು ತಿಳ್ಕೊಂಡಿದ್ದೀರಿ. ಬೇರೆ ಯಾವುದೋ ಕಲ್ಲಿರಬೇಕು."

"ನನ್ನ ಮಕ್ಕಳ ಮುಖ ಮರೆತರೂ ಒಂದು ಸಲ ನೋಡಿದ ಕಲ್ಲು ಮರೆಯಲ್ಲ. ನಿನಗೂ ಗೊತ್ತು ಅದು." ಅವರು ಕುರ್ಚಿಯಲ್ಲಿ ಕೂತರು. "ಶನಿವಾರ ನಾವು ಸುಟ್ಟಿದ್ದು ಯಾರನ್ನ ಹಂಸಾ?"

ನೀರಿನಲ್ಲಿ ದಿನಗಟ್ಟಲೆ ಬಿದ್ದಿದ್ದ ಹೆಣ. ಮುಖ ಗುರುತು ಸಿಗುವಂತಿರಲಿಲ್ಲ. ಅಂಗಿ ನೋಡಿ, ಮಣಿಕಟ್ಟಿನ ಬೆಳ್ಳಿ ಕಡಗ ನೋಡಿ, ಇವರು ನಮ್ಮವರೇ ಎಂದು ಜೀವೀಬೆನ್ ಅಂದಿದ್ದಳು. ಅತ್ತಿರಲಿಲ್ಲ. ದುಃಖ ಹೆಪ್ಪುಗಟ್ಟಿದೆ, ಪಾಪ, ಎಂದು ಹಂಸಾ ಅವಳ ಹೆಗಲ ಮೇಲೆ ಕೈಯಿಟ್ಟು ನಿಂತಿದ್ದಳು.

"ಜಿಗರ್ ಹೇಗಿದ್ದ? ನಿನ್ನೆ ಇದನ್ನ ತಂದಾಗ. ಹೆದರಿದ್ನಾ? ಅಳ್ತಿದ್ನಾ?"

"ಅಳ್ತಿದ್ದಿದ್ರೆ ನನಗೆ ಇಷ್ಟು ಭಯ ಆಗ್ತಿರಲಿಲ್ಲ. ಚಹಾ ಕುಡಿದ. ನನ್ನ ಮೊಮ್ಮಗಳ ಪರೀಕ್ಷೆ ಬಗ್ಗೆ ವಿಚಾರಿಸಿದ. ಹೋಗುವಾಗ ಬಾಗಿಲಲ್ಲಿ ನಿಂತು, ತಲೆ ಭಾಗ ಅಷ್ಟು ಚೆನ್ನಾಗಿ ಬಂದಿಲ್ಲ ಅಲ್ವಾ ಕಾಕಾ, ಅಂದ. ಅಷ್ಟೇ."

ಹಂಸಾ ಹರಳನ್ನು ಕಾಗದದಲ್ಲಿ ಮಡಚಿದಳು. ಬೆರಳುಗಳು ತಮ್ಮಷ್ಟಕ್ಕೆ ತಾವೇ ಮಡಿಕೆ ಹಾಕಿದವು, ಅಪ್ಪ ಕಲಿಸಿದ ಹಾಗೆ. ಆ ತಮ್ಮನನ್ನು ಬೆನ್ನಿಗೆ ಕಟ್ಟಿಕೊಂಡು ಶಾಲೆಗೆ ಹೋದವಳು ಅವಳು. ಅವನ ಸುಳ್ಳು ಅವಳಿಗೆ ಅವನ ಹಸಿವಿನಷ್ಟೇ ಸುಲಭವಾಗಿ ತಿಳಿಯುತ್ತಿತ್ತು. ಅಥವಾ ಹಾಗೆಂದುಕೊಂಡಿದ್ದಳು.

ಎರಡು ಅರ್ಥ ಸಾಧ್ಯವಿತ್ತು. ಇನ್ಸ್‌ಪೆಕ್ಟರ್ ಮನೆಗೆ ಸೊಸೆಯಾಗಿ ಬರುವವಳ ಬೆರಳನ್ನು ಯಾರೂ ಶೋಧಿಸುವುದಿಲ್ಲ. ಕದ್ದ ಮಾಲು ಅಡಗಿಸಲು ಅದಕ್ಕಿಂತ ಒಳ್ಳೆಯ ಜಾಗವಿಲ್ಲ. ಇಲ್ಲವೇ, ಬಾಯಿಬಿಟ್ಟು ಹೇಳಲಾಗದ್ದನ್ನು ಅಕ್ಕನ ಕಣ್ಣಿಗೆ ಬೀಳಿಸಲು ಅವನಿಗೆ ಉಳಿದದ್ದು ಇದೊಂದೇ ದಾರಿ.

ನಾನಜಿ ಬದುಕಿದ್ದಾನೆ. ಎಲ್ಲೋ ಒಂದು ಕೋಣೆಯಲ್ಲಿ ಸಾಣೆಯ ಮುಂದೆ ಕೂತಿದ್ದಾನೆ. ಅವನನ್ನು ಜಿಗರ್ ಕಾಯುತ್ತಿದ್ದಾನೋ, ಕಾಪಾಡುತ್ತಿದ್ದಾನೋ?

ಅವಳು ಕಿಟಕಿಗೆ ಹೋದಳು. ಗಲ್ಲಿಯ ತುಂಬ ನಿಲ್ಲಿಸಿದ ಸ್ಕೂಟರುಗಳ ಮೇಲೆ ದಲಾಲರು ಕಾಗದದ ಪೊಟ್ಟಣ ಬಿಚ್ಚಿಕೊಂಡು ಬಗ್ಗಿದ್ದರು. ಜಿಗರ್ ನಿಂತಿದ್ದ ಜಾಗದಲ್ಲಿ ಬೇರೆ ಯಾರದೋ ಬೈಕ್ ಇತ್ತು.

ಬಾಗಿಲು ತಟ್ಟಿದ ಸದ್ದಾಯಿತು. ಸವಾಯಿಕಾಕಾ ಬೆಚ್ಚಿ ಎದ್ದುನಿಂತರು.

"ಮೋಟಾಬೆನ್, ನಾನು. ಯಾಕೆ ಅಗುಳಿ ಹಾಕ್ಕೊಂಡಿದ್ದೀರಿ?"

ಹಂಸಾ ಅಗುಳಿ ತೆಗೆದಾಗ ಊರ್ವಿ ಎರಡೂ ಕೈಯಲ್ಲಿ ಬಿಸಿ ಪೊಟ್ಟಣ ಹಿಡಿದು ಒಳಗೆ ಬಂದಳು. ಸುಟ್ಟ ಎಳೆಜೋಳದ ವಾಸನೆ ಕೋಣೆ ತುಂಬಿತು. ಅವಳ ಹಿಂದೆ ಯಾರೂ ಇರಲಿಲ್ಲ.

"ಜಿಗರ್ ಎಲ್ಲಿ?"

"ಹೊರಟ್ರು. ಏನೋ ಕೆಲಸ ಅಂತೆ, ನಿಮ್ಮನ್ನ ರಿಕ್ಷಾದಲ್ಲಿ ಬರೋಕೆ ಹೇಳಿದ್ರು. ಸುಮ್ಮನೆ ಹೋಗಿದ್ರೂ ಬೇಜಾರಿರಲಿಲ್ಲ. ನಮಗೆ ಕಟ್ಟಿಸಿದ ಮೇಲೆ ಅವರಿಗೆ ಇನ್ನೊಂದು ಪೊಟ್ಟಣ ಬೇರೆ ಬೇಕಾಯ್ತು. ಅದಕ್ಕೆ ನಿಂಬೆಹಣ್ಣು ಹಿಂಡಬೇಡಿ, ಖಾರದ ಸೇವ್ ಹಾಕಬೇಡಿ ಅಂತ ಅಂಗಡಿಯವನಿಗೆ ಪಾಠ. ತಿನ್ನೋರ ಬಾಯೆಲ್ಲಾ ಗಾಯ ಆಗಿದೆ, ಉರಿಯುತ್ತೆ ಅಂತೆ."

ಸವಾಯಿಕಾಕಾ ಹಂಸಾಳತ್ತ ನೋಡಿದರು; ಕೈ ಮಾತು ಕೇಳದ ನಾನಜಿಯ ಬಾಯಿಗೂ ಗಾಯವಾಗಿರಬೇಕು.

"ಯಾರಿಗೆ ಅಂತ ಕೇಳಲಿಲ್ವಾ?" ಎಂದಳು ಹಂಸಾ.

"ಕೇಳಿದೆ. ಆಮೇಲೆ ಹೇಳ್ತೀನಿ ಅಂದ್ರು. ಪಕ್ಕದಲ್ಲಿ ತಿಂತಾ ಇದ್ದವರೂ ಅದನ್ನೇ ಕೇಳಿದ್ರು, ಜಿಗರ್ ಸ್ಕೂಟರ್ ಹತ್ತಿ ಹೋದ್ಮೇಲೆ. 'ಯಾರಿಗಮ್ಮ ಬಾಯಿ ಗಾಯ, ಮನೇಲಿ ಯಾರಿಗೆ ಹುಷಾರಿಲ್ಲ?' ಅಂತ. ನನಗೇನು ಗೊತ್ತು, ಮನೇಲಿ ಎಲ್ಲರೂ ಚೆನ್ನಾಗೇ ಇದ್ದಾರೆ ಅಂದೆ."

"ಎಷ್ಟು ಜನ?"

"ಇಬ್ಬರು. ಯಾಕೆ ಮೋಟಾಬೆನ್?"

ಬೆಳಿಗ್ಗೆಯಿಂದ ಕೆಳಗೆ ಸುತ್ತಾಡುತ್ತಿದ್ದ ಶೇಠರ ಆಳುಗಳೂ ಇಬ್ಬರೇ. ಹಂಸಾ ಆಗಲೇ ಚಪ್ಪಲಿಗೆ ಕಾಲು ತೂರಿಸುತ್ತಿದ್ದಳು. "ಈಗ ಎಲ್ಲಿದ್ದಾರೆ ಅವರು?"

"ತಟ್ಟೆ ಅರ್ಧಕ್ಕೇ ಬಿಟ್ಟು ಬೈಕ್ ಹತ್ತಿದ್ರು," ಎಂದಳು ಊರ್ವಿ. ಅವಳ ಮುಖದ ಮೇಲಿನ ನಗು ಮೊದಲ ಬಾರಿ ಅಳುಕಿತು. "ಜಿಗರ್ ಹೋದ ಕಡೆಗೇ ಹೋದ್ರು."